ಪದಚರ್ಚೆ: ‘ತೀವ್ರ ವಿಚಾರಣೆ’, ‘ಕಪ್ಪು ತಾಣ’, ‘ವಾಟರ್‌ಬೋರ್ಡಿಂಗ್’

ಪ್ರಶ್ನೆ: ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಗುಪ್ತ ಬಂಧನಗಳ ಬಗ್ಗೆ ಆ ದೇಶದ ಸೆನೆಟ್ ಸಮಿತಿ 2014ರ ಡಿಸೆಂಬರ್‌ನಲ್ಲಿ ಬಿಡುಗಡೆ ಮಾಡಿದ ವರದಿಯನ್ನು ಕುರಿತ ಲೇಖನವೊಂದು ಅನುವಾದವಾಗುತ್ತಿದೆ. ಕರಡಿನಲ್ಲಿ ‘ಎನ್‌ಹ್ಯಾನ್ಸ್ಡ್ ಇಂಟರಾಗೇಶನ್’ಗೆ ‘ತೀವ್ರ ವಿಚಾರಣೆ’, ‘ಬ್ಲ್ಯಾಕ್ ಸೈಟ್’ಗೆ ‘ಕಪ್ಪು ತಾಣ’, ‘ವಾಟರ್‌ಬೋರ್ಡಿಂಗ್’ಗೆ ‘ನೀರಿನಲ್ಲಿ ಮುಳುಗಿಸುವ ಶಿಕ್ಷೆ’ ಎಂದಿದೆ. ಇವು ಸರಿಯೇ? ಎಲ್ಲ ಕಡೆ ‘ಚಿತ್ರಹಿಂಸೆ’ ಎಂದೇ ಬರೆದರೆ ಏನಾಗುತ್ತದೆ?

ಉತ್ತರ 1: ಮೂರೂ ಕೂಡುವುದಿಲ್ಲ.

‘ತೀವ್ರ ವಿಚಾರಣೆ’ ನಮ್ಮ ಅಪರಾಧ ಸುದ್ದಿಗಳಲ್ಲಿ ದಿನವೂ ಕಾಣುವ ಮಾತು. ‘ತೀವ್ರ ವಿಚಾರಣೆಗೆ ಒಳಪಡಿಸಿದಾಗ ಆರೋಪಿ ಬಾಯಿಬಿಟ್ಟ’ ಎಂದು ಓದಿದವರಿಗೆ ಎರಡು ದಿನ ಕೂರಿಸಿ ಪ್ರಶ್ನೆ ಕೇಳಿದರು, ಹೆಚ್ಚೆಂದರೆ ನಾಲ್ಕು ಏಟು ಬಿತ್ತು ಎನ್ನಿಸುತ್ತದೆ. ಸಿಐಎಯದು ಪಟ್ಟಿ ಮಾಡಿ, ವಕೀಲರಿಂದ ಒಪ್ಪಿಗೆ ಪಡೆದ ವಿಧಾನ. ಅಮೆರಿಕದ ನ್ಯಾಯ ಇಲಾಖೆಯ 2002ರ ಆಗಸ್ಟ್ 1ರ ಪತ್ರದಲ್ಲಿ ಹತ್ತು ವಿಧಾನಗಳಿವೆ: ಕೆನ್ನೆಗೆ ಹೊಡೆಯುವುದು, ಬಗ್ಗುವ ಗೋಡೆಗೆ ಬೆನ್ನು ಅಪ್ಪಳಿಸುವುದು, ಪೆಟ್ಟಿಗೆಯಂಥ ಇಕ್ಕಟ್ಟಿನಲ್ಲಿ ಕೂಡಿಹಾಕುವುದು, ನಿದ್ದೆಗೆಡಿಸುವುದು, ಕೊನೆಗೆ ವಾಟರ್‌ಬೋರ್ಡಿಂಗ್. ಸಂಸ್ಥೆಯ ಮಾತಾಗಿ ಬರುವ ಕಡೆ ‘ಸಿಐಎ ಕರೆದಂತೆ ‘ವರ್ಧಿತ ವಿಚಾರಣಾ ವಿಧಾನ’’ ಎಂದು ಉದ್ಧರಣ ಚಿಹ್ನೆಯೊಳಗೇ ಇಡಿ. ‘ವರ್ಧಿತ’ ಕೃತಕವಾಗಿ ಕೇಳಿಸುತ್ತದೆ, ನಿಜ. ಮೂಲವೂ ಹಾಗೆಯೇ ಇದೆ, ಅದನ್ನು ನಯಗೊಳಿಸುವ ಹೊಣೆ ಅನುವಾದಕರದಲ್ಲ.

ಇದಕ್ಕಿಂತ ದೊಡ್ಡ ತೊಡಕು ‘ವಿಚಾರಣೆ’ಯೊಳಗೇ ಇದೆ. ಪೊಲೀಸರು ಪ್ರಶ್ನಿಸುವುದೂ ವಿಚಾರಣೆ, ನ್ಯಾಯಾಲಯ ಮೊಕದ್ದಮೆ ನಡೆಸುವುದೂ ವಿಚಾರಣೆ. ಕರಡಿನಲ್ಲಿ ‘ವಿಚಾರಣೆಯಿಲ್ಲದೆ ಇರಿಸಿಕೊಂಡು ವಿಚಾರಣೆ ನಡೆಸಿದರು’ ಎಂಬಂಥ ವಾಕ್ಯ ಬಂದೇ ಬರುತ್ತದೆ. ಮೊದಲನೆಯದಕ್ಕೆ ‘ಮೊಕದ್ದಮೆಯಿಲ್ಲದೆ’, ಎರಡನೆಯದಕ್ಕೆ ‘ಪ್ರಶ್ನಿಸಿದರು’ ಎಂದು ಬೇರ್ಪಡಿಸಿ. ಇದೇ ಕಾರಣಕ್ಕೆ ‘ವಿಚಾರಣಾಧೀನ ಕೈದಿ’ಯೂ ಸಲ್ಲದು: ಅವನ ಮೇಲೆ ಪ್ರಕರಣವಿರುತ್ತದೆ, ಮುಂದಿನ ತಾರೀಖು ಇರುತ್ತದೆ, ವಕೀಲನಿರುತ್ತಾನೆ. ವರದಿ ಹೆಸರಿಸುವ 119 ಮಂದಿಗೆ ಆ ಗುಪ್ತ ಜಾಗಗಳಲ್ಲಿ ಇವ್ಯಾವುವೂ ಇರಲಿಲ್ಲ. ಕನಿಷ್ಠ 26 ಮಂದಿಯನ್ನು ಹಿಡಿದಿಟ್ಟದ್ದೇ ತಪ್ಪು ಎನ್ನುತ್ತದೆ ವರದಿ. ‘ಬಂಧಿತರು’ ಸಾಕು. ‘ದಸ್ತಗಿರಿ’ಯನ್ನೂ ಬಿಡಿ, ಅದು ದಾಖಲೆಯಾಗುವ ಬಂಧನ.

‘ಕಪ್ಪು ತಾಣ’ ಎಂದರೆ ಈಗಿನ ಓದುಗರ ತಲೆಗೆ ಮೊದಲು ಬರುವುದು ಜಾಲತಾಣ. ‘ಗುಪ್ತ ಬಂಧನ ಕೇಂದ್ರ’ ಎನ್ನಿ. ಥಾಯ್ಲೆಂಡ್, ಪೋಲೆಂಡ್, ಅಫ್ಗಾನಿಸ್ತಾನಗಳಲ್ಲಿದ್ದ ಈ ಕೇಂದ್ರಗಳಿಗೆ ರೆಡ್ ಕ್ರಾಸ್‌ಗೂ ಪ್ರವೇಶವಿರಲಿಲ್ಲ. 2006ರ ಸೆಪ್ಟೆಂಬರ್‌ನಲ್ಲಿ 14 ಮಂದಿಯನ್ನು ಕ್ಯೂಬಾದಲ್ಲಿರುವ ಅಮೆರಿಕದ ಸೇನಾ ಸೆರೆಮನೆ ಗ್ವಾಂಟನಾಮೋಗೆ ಸಾಗಿಸಿದ ಮೇಲಷ್ಟೇ ಆ ಸಂಸ್ಥೆ ಅವರನ್ನು ಮಾತಾಡಿಸಿತು. ಹಾಗಾಗಿ ಗ್ವಾಂಟನಾಮೋವನ್ನು ‘ಗುಪ್ತ ಸೆರೆಮನೆ’ ಎಂದು ಸಾರಾಸಗಟಾಗಿ ಕರೆಯಬಾರದು. ಅದು ಇಡೀ ಜಗತ್ತಿಗೆ ಗೊತ್ತಿದ್ದ ಜಾಗ.

ವಾಟರ್‌ಬೋರ್ಡಿಂಗ್‌ನಲ್ಲಿ ಯಾರನ್ನೂ ನೀರಿಗೆ ಅದ್ದುವುದಿಲ್ಲ. 2002ರ ಪತ್ರದ ಪ್ರಕಾರ ಸುಮಾರು ನಾಲ್ಕು ಅಡಿ ಅಗಲ, ಏಳು ಅಡಿ ಉದ್ದದ ಇಳಿಜಾರು ಹಲಗೆ, ಕಾಲು ಮೇಲೆ, ತಲೆ ಕೆಳಗೆ. ಹಣೆ, ಕಣ್ಣಿನ ಮೇಲೆ ಬಟ್ಟೆ ಹಾಸಿ ನೀರು ಸುರಿಯುತ್ತಾರೆ. ನಂತರ ಬಟ್ಟೆಯನ್ನು ಮೂಗು, ಬಾಯಿ ಮುಚ್ಚುವಂತೆ ಇಳಿಸುತ್ತಾರೆ. ಒದ್ದೆ ಬಟ್ಟೆ 20ರಿಂದ 40 ಸೆಕೆಂಡು ಗಾಳಿಯನ್ನು ತಡೆಯುತ್ತದೆ. ‘ಮುಳುಗುವ ಭ್ರಮೆ ಹುಟ್ಟಿಸುವುದು’ ಎಂಬ ಪತ್ರಿಕಾ ವಿವರಣೆಯೂ ಬೇಡ. ಸಿಐಎ ಹಿಡಿದಿಟ್ಟಿದ್ದ ಅಬು ಝುಬೇದಾ ಒಮ್ಮೆ ಪ್ರತಿಕ್ರಿಯೆಯೇ ಇಲ್ಲದೆ, ನೀರು ತುಂಬಿದ ತೆರೆದ ಬಾಯಿಂದ ಗುಳ್ಳೆಗಳು ಏಳುತ್ತಿದ್ದ ಸ್ಥಿತಿ ತಲುಪಿದ್ದ ಎಂದು ಸೆನೆಟ್ ವರದಿಯಲ್ಲೇ ಇದೆ. ಉಸಿರು ಕಟ್ಟುವುದು ಭ್ರಮೆಯಲ್ಲ. ಮೊದಲ ಸಲ ‘ವಾಟರ್‌ಬೋರ್ಡಿಂಗ್, ಅಂದರೆ ಮುಖಕ್ಕೆ ಬಟ್ಟೆ ಮುಚ್ಚಿ ನೀರು ಸುರಿದು ಉಸಿರುಗಟ್ಟಿಸುವುದು’ ಎಂದು ಬರೆದು, ಆಮೇಲೆ ಬರಿಯ ವಾಟರ್‌ಬೋರ್ಡಿಂಗ್ ಇಟ್ಟುಕೊಳ್ಳಿ. ‘ಶಿಕ್ಷೆ’ಯನ್ನು ಖಂಡಿತ ತೆಗೆಯಿರಿ, ಅಪರಾಧ ಸಾಬೀತಾದವರು ಅಲ್ಲಿ ಯಾರಿದ್ದರು?

ಉತ್ತರ 2: ‘ಚಿತ್ರಹಿಂಸೆ’ಯ ಬಗ್ಗೆ. ಮೇಲೆ ಹೇಳಿದ ಪತ್ರದಲ್ಲಿನ ವಾದವೇ ಇವು ಚಿತ್ರಹಿಂಸೆಯಲ್ಲ ಎಂಬುದು. ಅದೇ ದಿನದ ಇನ್ನೊಂದು ಟಿಪ್ಪಣಿ, ಅಂಗ ವಿಫಲವಾಗುವಾಗಿನಷ್ಟು ಅಥವಾ ಸಾವಿನಷ್ಟು ನೋವಾದರೆ ಮಾತ್ರ ದೈಹಿಕ ಚಿತ್ರಹಿಂಸೆ ಎಂದು ಗೆರೆಯನ್ನು ದೂರ ತಳ್ಳಿತು. ಎಲ್ಲ ಕಡೆ ಒಂದೇ ಪದ ಹಾಕಿದರೆ ಚರ್ಚೆ ಯಾವುದರ ಮೇಲೆ ನಡೆಯಿತೆಂಬುದೇ ಓದುಗರಿಗೆ ಸಿಗುವುದಿಲ್ಲ.

ವಿಶ್ವಸಂಸ್ಥೆಯ 1984ರ ಒಡಂಬಡಿಕೆಯಲ್ಲೂ ಎರಡು ಮೆಟ್ಟಿಲುಗಳಿವೆ: ಚಿತ್ರಹಿಂಸೆ ಒಂದು, ಅದಕ್ಕೆ ಕೆಳಗೆ ‘ಕ್ರೂರ, ಅಮಾನವೀಯ ಅಥವಾ ಹೀನಾಯ ನಡವಳಿಕೆ’ ಇನ್ನೊಂದು. ಉತ್ತರ ಐರ್ಲೆಂಡ್‌ನಲ್ಲಿ ಬ್ರಿಟನ್ ಬಳಸಿದ ಐದು ವಿಧಾನಗಳನ್ನು (ಗೋಡೆಗೆ ನಿಲ್ಲಿಸುವುದು, ಮುಸುಕು, ಕರ್ಕಶ ಸದ್ದು, ನಿದ್ದೆ ಕೆಡಿಸುವುದು, ಅನ್ನನೀರು ಕಡಿತ) ಯುರೋಪಿನ ಮಾನವ ಹಕ್ಕು ನ್ಯಾಯಾಲಯ 1978ರಲ್ಲಿ ಎರಡನೆಯ ಮೆಟ್ಟಿಲಿನಲ್ಲಿರಿಸಿತು. ಅದೇ ನ್ಯಾಯಾಲಯ 2012ರಲ್ಲಿ, ಹೆಸರಿನ ಗೊಂದಲದಿಂದ ಸಿಕ್ಕಿಬಿದ್ದ ಜರ್ಮನ್ ಪ್ರಜೆ ಖಾಲಿದ್ ಎಲ್-ಮಸ್ರಿಗೆ ಮ್ಯಾಸಿಡೋನಿಯಾದ ಸ್ಕೋಪ್ಯೆ ವಿಮಾನ ನಿಲ್ದಾಣದಲ್ಲಿ ಸಿಐಎ ತಂಡ ಮಾಡಿದ್ದು ಚಿತ್ರಹಿಂಸೆ ಎಂದಿತು. ಇಂಥ ಕಡೆ ಪದವನ್ನು ಅಳುಕದೆ, ಉದ್ಧರಣ ಚಿಹ್ನೆಯಿಲ್ಲದೆ ಬರೆಯಿರಿ. ವಾಟರ್‌ಬೋರ್ಡಿಂಗ್‌ಗೂ ಹಾಗೆಯೇ ಬರೆಯಬಹುದು. 2009ರಲ್ಲಿ ಅದನ್ನು ನಿಷೇಧಿಸಿದ ಒಬಾಮಾ ಕೂಡ ಅದನ್ನು ಚಿತ್ರಹಿಂಸೆ ಎಂದೇ ಕರೆದವರು. ‘ಕಿರುಕುಳ’ ಎಲ್ಲೂ ಬೇಡ.

ಸಾಫುಗೊಳಿಸಿದ ಪದಗಳು ನಮ್ಮಲ್ಲೂ ಕಡಿಮೆಯಿಲ್ಲ. ಸೋಡಿಯಂ ಪೆಂಟೊಥಾಲ್ ಚುಚ್ಚಿ ಅರೆಪ್ರಜ್ಞೆಯಲ್ಲಿ ಪ್ರಶ್ನಿಸುವುದಕ್ಕೆ ‘ಮಂಪರು ಪರೀಕ್ಷೆ’ ಎಂದೇ ರೂಢಿ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ, ಒಪ್ಪಿಗೆಯಿಲ್ಲದೆ ಅದನ್ನು ನಡೆಸುವುದು ತನ್ನ ವಿರುದ್ಧವೇ ಸಾಕ್ಷಿ ಹೇಳುವಂತೆ ಆರೋಪಿಯನ್ನು ಬಲವಂತಪಡಿಸಬಾರದು ಎನ್ನುವ ಸಂವಿಧಾನದ 20(3)ನೇ ವಿಧಿಗೆ ವಿರುದ್ಧ ಎಂದಿತು. ಲೇಖನದಲ್ಲಿ ಅದರ ಪ್ರಸ್ತಾಪ ಬಂದರೆ ರೂಢಿಯ ಪದವನ್ನೇ ಬಳಸಿ, ಚುಚ್ಚುಮದ್ದಿನ ಮಾತನ್ನು ಮಾತ್ರ ಪಕ್ಕದಲ್ಲೇ ಸೇರಿಸಿ.