ಟಾಯ್ ಸ್ಟೋರಿಯ ವುಡಿ: ಇಷ್ಟು ಹಳೇ ಗೊಂಬೆ ಈಗಿನ ಮಕ್ಕಳಿಗೂ ಯಾಕೆ ಹಿಡಿಸ್ತದೆ?

ಮಳೆರಜೆ ಅಮ್ಮ

ಎಲ್ಲರಿಗೂ ನಮಸ್ಕಾರ. ಸೋಮವಾರಪೇಟೆ ಹತ್ರ ನಮ್ಮದು ಸಣ್ಣ ತೋಟ. ಹೋದ ವಾರ ಪೂರ್ತಿ ಶಾಲೆಗೆ ಮಳೆ ರಜೆ, ಕರೆಂಟ್ ಬಂದ್ರೆ ಬಂತು ಇಲ್ಲಾಂದ್ರೆ ಇಲ್ಲ, ಆರು ವರ್ಷದ ಮಗನ್ನ ಸುಮ್ನೆ ಕೂರಿಸೋಕೆ ಲ್ಯಾಪ್‌ಟಾಪಲ್ಲಿ ಟಾಯ್ ಸ್ಟೋರಿ ಹಾಕ್ದೆ, ಅರ್ಧಕ್ಕೆ ಚಾರ್ಜ್ ಖಾಲಿ, ಮಿಕ್ಕಿದ್ದು ಎರಡು ದಿನ ಬಿಟ್ಟು ನೋಡ್ದ. ಅಷ್ಟರಲ್ಲಿ ನನ್ನ ತಮ್ಮನ ಹಳೇ ವುಡಿ ಗೊಂಬೆ ಅಟ್ಟದಿಂದ ಇಳಿದು ಬಂದಾಯ್ತು. ಬೆನ್ನಲ್ಲಿರೋ ದಾರ ಎಳೆದ್ರೆ ಮಾತಾಡ್ಬೇಕು, ಅದು ಯಾವ ಕಾಲದಲ್ಲೋ ನಿಂತೋಗಿದೆ. ಆದ್ರೂ ಈಗ ಊಟಕ್ಕೂ ಅವನೇ, ಮಲಗೋಕೂ ಅವನೇ. ರಾತ್ರಿ ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚಿ, ಗೊಂಬೆ ಎದ್ದೇಳ್ತದಾ ಅಂತ ಓರೆಗಣ್ಣಲ್ಲಿ ಕಾಯ್ತಾ ಇರ್ತಾನೆ. ದುಡ್ಡು ಕೊಟ್ಟು ತಂದ ಲೈಟ್ ಹತ್ತೋ ರೋಬೋಟ್ ಮೂರೇ ದಿನಕ್ಕೆ ಮಂಚದ ಅಡಿ ಸೇರಿತ್ತು!

ಈ ವುಡಿನ ಮಾಡಿದ್ದು ಯಾರು, ಹೇಗೆ? ಮೊದಲು ಇವನು ಕೆಟ್ಟವನಾಗಿದ್ದ ಅಂತ ತಮ್ಮ ಹೇಳ್ತಾನೆ, ನಿಜನಾ? 1995ರ ಸಿನಿಮಾ ಅಲ್ವಾ ಇದು, ಇವತ್ತಿನ ಮಗು ಯಾಕೆ ಇಷ್ಟು ಹಚ್ಕೊಳ್ತದೆ?

ಫ್ರೇಮ್ ಎಣಿಸೋನು

ಅಕ್ಕ, ಊರು ವಿರಾಜಪೇಟೆ, ಬೆಂಗಳೂರಲ್ಲಿ ಆನಿಮೇಷನ್ ಕೆಲಸ. ನಿಮ್ಮ ತಮ್ಮ ಹೇಳಿದ್ದು ನಿಜ.

1988ರಲ್ಲಿ, ಈ ಸಿನಿಮಾ ಮಾಡಿದ ಪಿಕ್ಸಾರ್ ಕಂಪನಿಯ ಜಾನ್ ಲ್ಯಾಸೆಟರ್ ಟಿನ್ ಟಾಯ್ ಅಂತ ಕಿರುಚಿತ್ರ ಮಾಡಿದ್ರು, ಆಸ್ಕರ್ ಬಂತು. ಅದರಲ್ಲಿದ್ದ ಟಿನ್ನಿ ಅನ್ನೋ ತಗಡಿನ ಬ್ಯಾಂಡ್‌ವಾಲಾನೇ ದೊಡ್ಡ ಸಿನಿಮಾಕ್ಕೂ ಹೀರೋ ಆಗ್ಬೇಕಿತ್ತು, ಅವನ ಜೋಡಿ ಒಂದು ಮಾತಾಡೋ ಗೊಂಬೆ, ಅದೇ ತೊಡೆ ಮೇಲೆ ಕೂರಿಸ್ಕೊಂಡು ತುಟಿ ಅಲ್ಲಾಡಿಸದೆ ಮಾತಾಡಿಸ್ತಾರಲ್ಲ ಅಂಥದ್ದು. ಟಿನ್ನಿ ಬದಲಾಗ್ತಾ ಬದಲಾಗ್ತಾ ಬಜ್ ಲೈಟ್‌ಇಯರ್ ಅನ್ನೋ ಗಗನಯಾತ್ರಿ ಗೊಂಬೆ ಆದ, ಚಂದ್ರನ ಮೇಲೆ ನಡೆದ ಬಜ್ ಆಲ್ಡ್ರಿನ್ ಹೆಸರು ಸಿಕ್ತು. ಆ ಮಾತಾಡೋ ಗೊಂಬೆ ನೋಡಿದ್ರೆ ಸ್ವಲ್ಪ ಹೆದರಿಕೇನೇ ಆಗ್ತಿತ್ತು. ಅದನ್ನ ದಾರ ಎಳೆಯೋ ಕೌಬಾಯ್ ಮಾಡಿದ್ದು ಬಡ್ ಲಕಿ ಅನ್ನೋ ಕಲಾವಿದ. ವುಡಿ ಅನ್ನೋ ಹೆಸರು ನಟ ವುಡಿ ಸ್ಟ್ರೋಡ್ ಅವರದ್ದು.

ರೂಪ ಸರಿಹೋಯ್ತು, ಬುದ್ಧಿ ಸರಿ ಇರ್ಲಿಲ್ಲ. 1993ರ ನವೆಂಬರ್ 19ಕ್ಕೆ, ಸಿನಿಮಾಕ್ಕೆ ದುಡ್ಡು ಹಾಕ್ತಿದ್ದ ಡಿಸ್ನಿಯವರಿಗೆ ಅಲ್ಲಿವರೆಗಿನ ಕೆಲಸ ತೋರ್ಸಿದ್ರೆ, ಅದರಲ್ಲಿ ವುಡಿ ಬೇರೆ ಗೊಂಬೆಗಳ ಮೇಲೆ ಕೂಗಾಡೋನು, ಎಲ್ಲರನ್ನೂ ಹೀಯಾಳಿಸೋನು, ಬಜ್‌ನ ಬೇಕಂತಲೇ ಕಿಟಕಿಯಿಂದ ಆಚೆ ತಳ್ಳೋನು. ಯಾರಿಗೂ ಇಷ್ಟ ಆಗ್ಲಿಲ್ಲ, ಕೆಲಸ ನಿಲ್ಲಿಸಿ ಅಂದ್ರು. ಪಿಕ್ಸಾರ್‌ನವರು ಆ ದಿನಾನ ಇವತ್ತಿಗೂ ಕಪ್ಪು ಶುಕ್ರವಾರ ಅಂತಾರೆ. ಆಮೇಲೆ ಕೂತು ಕಥೆ ತಿದ್ದಿದ್ರು. ಹೊಸದಾಗಿ ಬಂದ ಬಜ್ ಮೇಲಿನ ಹೊಟ್ಟೆಕಿಚ್ಚನ್ನ ತೆಗೀಲಿಲ್ಲ ನೋಡಿ, ಅದು ಹಾಗೇ ಇದೆ. ಈಗಿನ ಸಿನಿಮಾದಲ್ಲಿ ಬಜ್‌ನ ಮೇಜಿನ ಹಿಂದಕ್ಕೆ ಬೀಳಿಸೋಣ ಅಂತ ಹೋಗ್ತಾನೆ, ಅವನು ಕಿಟಕಿಯಿಂದಾನೇ ಬಿದ್ದೋಗ್ತಾನೆ. ತಪ್ಪು ಮಾಡ್ದ, ಆದ್ರೆ ಅಷ್ಟು ದೊಡ್ಡ ತಪ್ಪು ಮಾಡ್ಬೇಕು ಅಂತ ಇರ್ಲಿಲ್ಲ. ನನ್ನ ಪ್ರಕಾರ ಇಡೀ ಸಿನಿಮಾ ಉಳಿದಿದ್ದು ಆ ಒಂದು ತಿದ್ದುಪಡಿಯಿಂದ.

ಗೋಣಿಕೊಪ್ಪ ಕಡ್ಡಿಪುಡಿ

ಎಲ್ಲಾ ಸರಿ ಅಣ್ಣ, ಆದ್ರೆ ಇದೆಲ್ಲ ಗೊಂಬೆ ಮಾರೋ ಉಪಾಯ. ಸಿನಿಮಾ ಅನ್ನೋದು ಎರಡು ಗಂಟೆ ಜಾಹೀರಾತು. ನಮ್ಮ ಚನ್ನಪಟ್ಟಣದ ಗೊಂಬೆಗೂ ಅಷ್ಟು ದುಡ್ಡು ಸುರಿದು ಸಿನಿಮಾ ಮಾಡಿದ್ರೆ ಅಮೆರಿಕದ ಮಕ್ಕಳೂ ತಬ್ಕೊಂಡು ಮಲಗ್ತಿದ್ರು.

ಫ್ರೇಮ್ ಎಣಿಸೋನು

ಎರಡು ಗಂಟೆ ಅಲ್ಲ, 81 ನಿಮಿಷ 😄 ಮಾರೋದೇ ಲೆಕ್ಕ ಆಗಿದ್ರೆ ಅವರಷ್ಟು ಕೆಟ್ಟ ವ್ಯಾಪಾರಿಗಳು ಇನ್ನೊಬ್ರಿಲ್ಲ. ದೊಡ್ಡ ಆಟಿಕೆ ಕಂಪನಿಗಳು ಮುಂದೆ ಬರದೆ, ಕೊನೆಗೆ ಥಿಂಕ್‌ವೇ ಅನ್ನೋ ಕೆನಡಾದ ಸಣ್ಣ ಕಂಪನಿ ಒಪ್ಕೊಂಡಿದ್ದು. 1995ರ ಕ್ರಿಸ್ಮಸ್‌ಗೆ ಬಜ್ ಗೊಂಬೆ ಅಂಗಡಿಗಳಲ್ಲಿ ಸಿಗ್ಲೇ ಇಲ್ಲ. ಇನ್ನೊಂದು, ಗೊಂಬೆಗಳ ಕಥೇನೇ ಯಾಕೆ ಅಂದ್ರೆ ಆಗಿನ ಕಂಪ್ಯೂಟರಲ್ಲಿ ಎಂಥ ಮಾಡಿದ್ರೂ ಪ್ಲಾಸ್ಟಿಕ್ ಥರಾನೇ ಕಾಣೋದು, ಚರ್ಮ ಕೂದಲು ಎಲ್ಲ ಭಾರಿ ಕಷ್ಟ. ಅದಕ್ಕೆ ಪ್ಲಾಸ್ಟಿಕ್ಕನ್ನೇ ಹೀರೋ ಮಾಡಿದ್ರು. ಸಿನಿಮಾದಲ್ಲಿ ಬರೋ ಮನುಷ್ಯರ ಮುಖ ಈಗ ನೋಡಿ, ಗೊಂಬೆಗಳೇ ಜೀವಂತ ಕಾಣ್ತವೆ.

ಮಂಟಪದ ಹುಡುಗ

ಮಡಿಕೇರಿಯಿಂದ. ದಸರಾ ದಶಮಂಟಪದ, ಅಂದ್ರೆ ಮೆರವಣಿಗೇಲಿ ಹೋಗೋ ಬೊಂಬೆ ಅಲ್ಲಾಡಿಸೋ ಮಂಟಪಗಳ, ಕೆಲಸಕ್ಕೆ ಹೋಗೋನು ನಾನು, ಯಾವ ಮಂಟಪ ಅಂತ ಕೇಳ್ಬೇಡಿ ಜಗಳ ಆಗ್ತದೆ. ಒಂದು ರಾಕ್ಷಸನ್ನ ಎಬ್ಬಿಸಿ, ಕತ್ತು ತಿರುಗಿಸಿ, ಕೈ ಎತ್ತಿಸೋಷ್ಟರಲ್ಲಿ ನಮ್ಮ ಜೀವ ಬಾಯಿಗೆ ಬರ್ತದೆ ಮಾರಾಯ್ರೆ, ಮೋಟರ್ ಒಂದ್ಕಡೆ ಹೈಡ್ರಾಲಿಕ್ ಒಂದ್ಕಡೆ, ತೀರ್ಪುಗಾರರು ಎದುರು ಬಂದು ನಿಂತಾಗಲೇ ಯಾವ್ದೋ ಒಂದು ಕೈ ಕೊಡ್ತದೆ. ಅಷ್ಟೆಲ್ಲ ಮಾಡಿದ್ರೂ ಮುಖ ಮಾತ್ರ ಮೊದಲಿದ್ದ ಹಾಗೇ. ವುಡಿ ಒಬ್ಬನನ್ನೇ ಕಂಪ್ಯೂಟರಲ್ಲಿ ಅಲ್ಲಾಡಿಸೋಕೆ 700ಕ್ಕೂ ಹೆಚ್ಚು ಕಂಟ್ರೋಲು, ಅದರಲ್ಲಿ 200 ಚಿಲ್ಲರೆ ಬರೀ ಮುಖಕ್ಕೆ ಅಂತ ಓದಿ ನಾನು ಸುಮ್ನೆ ಕೂತ್ಬಿಟ್ಟೆ. ಹುಬ್ಬು ಒಂಚೂರು ಮೇಲೆ ಹೋದ್ರೆ ಸಾಕು, ಇವನು ಸುಳ್ಳು ಹೇಳ್ತಿದ್ದಾನೆ ಅಂತ ಮಗೂಗೂ ಗೊತ್ತಾಗ್ತದೆ.

ನಡಿಗೆ ಕೂಡ ಗಮನಿಸಿ. ಬಜ್ ಗಟ್ಟಿ ಪ್ಲಾಸ್ಟಿಕ್, ಎದೆ ಸೆಟೆದು ನಡೀತಾನೆ. ವುಡಿ ಮೈಯೆಲ್ಲ ಬಟ್ಟೆ, ಮೂಳೆ ಇಲ್ಲ, ಓಡಿದ್ರೆ ಕೈಕಾಲು ಒಂದೊಂದು ದಿಕ್ಕಿಗೆ. ಸಿನಿಮಾದ ಹಸಿರು ಪ್ಲಾಸ್ಟಿಕ್ ಸೈನಿಕರ ಕಾಲು ಒಂದೇ ಹಲಗೆಗೆ ಅಂಟಿರ್ತದಲ್ಲ, ಅವರು ಹೇಗೆ ನಡೀಬಹುದು ಅಂತ ತಿಳಿಯೋಕೆ ಆನಿಮೇಟರ್‌ಗಳು ಹಲಗೆಗೆ ಶೂ ಹೊಡೆದು ಅದರಲ್ಲಿ ಕಾಲಿಟ್ಟು ಕುಪ್ಪಳಿಸಿ ನೋಡಿದ್ರಂತೆ. ಇದನ್ನ ಓದಿ ಇವರು ನಮ್ಮವರೇ ಅನ್ನಿಸ್ತು!

ದೊಡ್ಡಮಗಳು

ಎಲ್ಲರೂ ಮಾಡಿದ್ದು ಹೇಗೆ ಅಂತ ಹೇಳಿದ್ರಿ, ಅಕ್ಕ ಕೇಳಿದ ಕೊನೇ ಪ್ರಶ್ನೆ ಹಾಗೇ ಉಳೀತು. ನಾನು ಹೇಳ್ತೀನಿ. ನನಗೆ ಏಳೋ ಎಂಟೋ ವರ್ಷ, ಕುಶಾಲನಗರದಲ್ಲಿ ವಿಸಿಡಿ ಬಾಡಿಗೆಗೆ ತಂದು ಮೊದಲ ಸಲ ನೋಡಿದ್ದು. ಆಗ ಮನೇಲಿ ತಂಗಿ ಹುಟ್ಟಿ ಎರಡು ತಿಂಗಳಾಗಿತ್ತು. ಬರೋರೆಲ್ಲ ನೇರ ತೊಟ್ಟಿಲ ಹತ್ರ. ನನ್ನ ಹಾಸಿಗೆ ಜಾಗಾನೂ ಬದಲಾಯ್ತು, ಅಜ್ಜಿ ಜೊತೆ ಮಲಗು ಅಂದ್ರು. ಸಿನಿಮಾದಲ್ಲಿ ಆ ಗೊಂಬೆಗಳ ಒಡೆಯ ಹುಡುಗ ಆಂಡಿಯ ಮಂಚದ ಮೇಲೆ ವುಡಿ ಇದ್ದ ಜಾಗದಲ್ಲಿ ಬಜ್ ನಿಂತಿರೋದು ನೋಡಿ ನಾನು ಅತ್ತಿದ್ದೆ, ಅಮ್ಮನಿಗೆ ಯಾಕೆ ಅಂತ ಇವತ್ತಿಗೂ ಹೇಳಿಲ್ಲ. ತಂಗಿನ ಮೇಜಿನ ಹಿಂದೆ ಬೀಳಿಸೋ ಯೋಚನೆ ನನಗೂ ಬಂದಿತ್ತು ಅಂತ ಇಲ್ಲಿ ಬರೀಬಹುದಲ್ವಾ, ಯಾರಿಗೂ ನಾನ್ಯಾರು ಅಂತ ಗೊತ್ತಿಲ್ಲ 😅

ಒಳ್ಳೇ ಹುಡುಗ ಅನ್ನಿಸ್ಕೊಂಡೋನಿಗೇ ಇಂಥ ಯೋಚನೆ ಬರ್ತದೆ ಅಂತ ಮಕ್ಕಳಿಗೆ ತೋರ್ಸೋರು ಕಡಿಮೆ. ನಮಗೆ ಹೇಳೋ ಕಥೇಲಿ ಅಸೂಯೆ ಯಾವಾಗ್ಲೂ ಮಲತಾಯಿಗೆ ಬರ್ತದೆ ನೋಡಿ.

ಆಮೇಲೆ 2010ರಲ್ಲಿ ಮೂರನೇದು ಬಂತು. ಆಂಡಿಗೆ 17, ಕಾಲೇಜಿಗೆ ಹೊರಟಿದ್ದ. ನನಗೂ 17, ಮಂಗಳೂರು ಹಾಸ್ಟೆಲಿಗೆ ಟ್ರಂಕ್ ತುಂಬ್ತಾ ಇದ್ದೆ. ಇದಕ್ಕಿಂತ ಎಂಥ ಬೇಕು. ನಮ್ಮ ಜೊತೆ ಆಂಡಿ ಬೆಳೆದ, ವುಡಿ ಹಾಗೇ ಇದ್ದ.

ಫ್ರೇಮ್ ಎಣಿಸೋನು

ಅಕ್ಕ ಹೇಳಿದ್ದು ನೂರಕ್ಕೆ ನೂರು. ಮಧ್ಯದಲ್ಲಿ ವುಡಿ ನಿಜವಾಗ್ಲೂ ಕಳೆದೇ ಹೋಗಿದ್ದ ಗೊತ್ತಾ? 1998ರಲ್ಲಿ ಎರಡನೇ ಸಿನಿಮಾ ಕೆಲಸ ನಡೀತಿದ್ದಾಗ ಯಾರೋ ತಪ್ಪು ಕಮಾಂಡ್ ಕೊಟ್ಟು ಫೈಲೆಲ್ಲ ಅಳಿಸಿಹೋಗೋಕೆ ಶುರುವಾಯ್ತು. ಮೊದಲು ವುಡಿ ಟೋಪಿ ಮಾಯ, ಆಮೇಲೆ ಬೂಟು, ಆಮೇಲೆ ಅವನೇ ಇಲ್ಲ. ಬ್ಯಾಕಪ್ ನೋಡಿದ್ರೆ ಅದೂ ಕೆಟ್ಟಿತ್ತು. ಗ್ಯಾಲಿನ್ ಸುಸ್ಮನ್ ಅನ್ನೋರು ಹೊಸ ಬಾಣಂತಿ, ಮನೆಯಿಂದಾನೇ ಕೆಲಸ ಮಾಡ್ತಿದ್ರು, ಅವರ ಕಂಪ್ಯೂಟರಲ್ಲಿ ಒಂದು ಕಾಪಿ ಇತ್ತು. ಆ ಕಂಪ್ಯೂಟರ್‌ನ ಕಂಬಳಿ ಸುತ್ತಿ ಕಾರಲ್ಲಿ ಕೂರಿಸ್ಕೊಂಡು ಮೆಲ್ಲಗೆ ಆಫೀಸಿಗೆ ತಂದ್ರು. ತಮಾಷೆ ಅಂದ್ರೆ ಆಮೇಲೆ ಕಥೆ ಚೆನ್ನಾಗಿಲ್ಲ ಅಂತ ಬಹುಪಾಲು ಮತ್ತೆ ಮೊದಲಿಂದ ಮಾಡಿದ್ರು.

ಕೆಟ್ಟೋದ ದಾರದ ಬಗ್ಗೆ ಒಂದು ಮಾತು, ಗೊಂಬೆಯೊಳಗಿನ ದನಿ ಹೆಚ್ಚಾಗಿ ಸಿನಿಮಾದಲ್ಲಿ ವುಡಿಗೆ ದನಿ ಕೊಟ್ಟ ಟಾಮ್ ಹ್ಯಾಂಕ್ಸ್‌ದಲ್ಲ, ಅವರ ತಮ್ಮ ಜಿಮ್ ಹ್ಯಾಂಕ್ಸ್‌ದು.

ಮಳೆರಜೆ ಅಮ್ಮ

ಎಲ್ಲರಿಗೂ ಥ್ಯಾಂಕ್ಸ್. ಕಂಬಳಿ ಸುತ್ತಿದ ಕಥೆ ಮಗನಿಗೆ ಹೇಳ್ದೆ, ಈಗ ಗೊಂಬೆಗೆ ನನ್ನ ಶಾಲು ಹೋಗಿದೆ. ದೊಡ್ಡಮಗಳು ಅವರೇ, ನಿಮ್ದು ಓದಿ ಸ್ವಲ್ಪ ಹೊತ್ತು ಸುಮ್ನಾದೆ, ಯಾಕಂದ್ರೆ ನನಗೆ ಈಗ ಐದು ತಿಂಗಳು. ಇವನಿಗೆ ಇನ್ನೂ ಹೇಳಿಲ್ಲ. ಸಿನಿಮಾದಲ್ಲಿ ಆಂಡಿ ವುಡಿ ಬೂಟಿನಡಿ ತನ್ನ ಹೆಸರು ಬರೆದಿರ್ತಾನಲ್ಲ, ಇವನೂ ನಿನ್ನೆ ಮಾರ್ಕರ್ ಹಿಡಿದು ನನ್ನ ತಮ್ಮನ ಹೆಸರು ಹೊಡೆದು ಹಾಕಿ ತನ್ನ ಹೆಸರು ಬರ್ಕೊಂಡಿದ್ದಾನೆ.

ಇನ್ನೊಂದು ಕೇಳ್ಬೇಕಿತ್ತು, ಈ ಮಳೆಗೆ ಗೊಂಬೆಯ ಬಟ್ಟೆಗೆಲ್ಲ ಬೂಷ್ಟು ಹಿಡಿದಿದೆ. ಬಿಸಿಲಂತೂ ಸದ್ಯಕ್ಕಿಲ್ಲ, ಏನ್ ಮಾಡ್ಲಿ?

ಗೋಣಿಕೊಪ್ಪ ಕಡ್ಡಿಪುಡಿ

ಅಕ್ಕ, ಬಿಳಿ ವಿನೆಗರ್ ನೀರಲ್ಲಿ ಬೆರೆಸಿ ಬಟ್ಟೆ ಅದ್ದಿ ಒರೆಸಿ, ಆಮೇಲೆ ಒಲೆ ಇರೋ ಕೋಣೇಲಿ ದೂರದಲ್ಲಿ ನೇತಾಕಿ, ಮುಖ ಪ್ಲಾಸ್ಟಿಕ್ ಅಲ್ವಾ ಕರಗಿಬಿಟ್ಟೀತು. ವಿನೆಗರ್ ಇಲ್ಲ ಅಂತ ಹಂದಿ ಮಾಂಸಕ್ಕೆ ಹಾಕೋ ಹುಳಿ ಕಾಚಂಪುಳಿ ಹಾಕ್ಬೇಡಿ ಮತ್ತೆ, ವುಡಿ ಪಂದಿಕರಿ ಆಗ್ತಾನೆ.