ವಲಸಿಗರು ಲಂಡನ್ನಿನಲ್ಲಿ, ಸಿಟ್ಟು ಸಂಡರ್‌ಲ್ಯಾಂಡಿನಲ್ಲಿ: ಯಾಕೆ?

ಪ್ರಶ್ನೆ: ನಮಸ್ಕಾರ ಸರ್. ತಂಗಿ ನರ್ಸ್, ಬರುವ ತಿಂಗಳು ಇಂಗ್ಲೆಂಡಿನ ಸಂಡರ್‌ಲ್ಯಾಂಡಿಗೆ ಹೊರಟಿದ್ದಾಳೆ. 2024ರ ಆಗಸ್ಟಿನಲ್ಲಿ ಅಲ್ಲಿ ವಲಸಿಗರ ವಿರುದ್ಧ ಗಲಭೆ ಆಗಿತ್ತಲ್ಲ, ಅದನ್ನು ಓದಿ ಅಮ್ಮನಿಗೆ ನಿದ್ದೆ ಇಲ್ಲ. ಹೊರಗಿನವರು ಜಾಸ್ತಿ ಇರುವುದು ಲಂಡನ್ನಿನಲ್ಲಿ, ಅಲ್ವಾ? ಸಿಟ್ಟು ಮಾತ್ರ ಉತ್ತರದ ಊರುಗಳಲ್ಲಿ ಯಾಕೆ? ನೀವು ಅಲ್ಲೇ ಭೂಗೋಳ ಪಾಠ ಮಾಡುವವರು, ಸ್ವಲ್ಪ ಹೇಳಿ.

ಉತ್ತರ: ನನ್ನ ಮೊದಲ ವರ್ಷದ ವಿದ್ಯಾರ್ಥಿಗಳೂ ಇದನ್ನೇ ಕೇಳುತ್ತಾರೆ. ಸಂಡರ್‌ಲ್ಯಾಂಡ್ ಒಂದು ಕಾಲಕ್ಕೆ ಹಡಗು ಕಟ್ಟುವುದಕ್ಕೆ ಹೆಸರಾದ ಊರು. 1980ರ ದಶಕದ ಕೊನೆಗೆ ಆ ಕೆಲಸ ನಿಂತಿತು. ಕಲ್ಲಿದ್ದಲ ಗಣಿ 1993ರಲ್ಲಿ ಮುಚ್ಚಿತು. ಗಣಿ ಇದ್ದ ಜಾಗದಲ್ಲೇ ಈಗ ಫುಟ್‌ಬಾಲ್ ಮೈದಾನ, ಹೊರಗೆ ಗಣಿ ಕಾರ್ಮಿಕರ ದೀಪದ ದೊಡ್ಡ ಪ್ರತಿಮೆ. ತಂಗಿ ಹೋದಾಗ ನೋಡಲಿ. ನಿಸಾನ್ ಕಾರು ಕಾರ್ಖಾನೆ 1986ರಿಂದ ಇದೆ, ಆದರೆ ಅದೊಂದರಿಂದ ಹೋದದ್ದೆಲ್ಲ ತುಂಬಲಿಲ್ಲ.

2016ರಲ್ಲಿ ಐರೋಪ್ಯ ಒಕ್ಕೂಟ ಬಿಡಬೇಕೇ ಎಂದು ದೇಶ ಮತ ಹಾಕಿತು, ವಲಸೆ ಅದರಲ್ಲಿ ದೊಡ್ಡ ವಿಷಯ. ಆಗ ಸಂಡರ್‌ಲ್ಯಾಂಡಿನಲ್ಲಿ 61% ಜನ ‘ಬಿಡೋಣ’ ಎಂದರು. ಜಮೈಕಾ, ಪೋರ್ಚುಗಲ್ ಮೂಲದವರು ತಲೆಮಾರುಗಳಿಂದ ಇರುವ ಲಂಡನ್ನಿನ ಲ್ಯಾಂಬೆತ್‌ನಲ್ಲಿ 79% ಜನ ‘ಇರೋಣ’ ಎಂದರು. ಒಟ್ಟಿಗೆ ಇದ್ದು ಅಭ್ಯಾಸವಾಗಿದೆ, ಜೊತೆಗೆ ಕೆಲಸವೂ ಇದೆ.

ಇನ್ನೊಂದು ಸಂಗತಿ ಇದೆ, ನನ್ನ ಪ್ರಕಾರ ದೊಡ್ಡದು. 1999ರ ಕಾನೂನಿನ ನಂತರ ಆಶ್ರಯ ಕೇಳಿ ಬಂದವರನ್ನು ಸರ್ಕಾರ ಲಂಡನ್ನಿನ ಹೊರಗೆ ಹಂಚತೊಡಗಿತು. ಕಳಿಸುವುದು ಎಲ್ಲಿಗೆ? ಬಾಡಿಗೆ ಕಡಿಮೆ ಇರುವ ಊರಿಗೆ, ಅಂದರೆ ಮೊದಲೇ ಸೊರಗಿದ ಊರಿಗೆ. ಗಣಿ ಮುಚ್ಚಿದವರು ಲಂಡನ್ನಿನಲ್ಲಿ, ಮನೆ ಹಂಚಿದವರೂ ಲಂಡನ್ನಿನಲ್ಲಿ. ಕಣ್ಣಿಗೆ ಬೀಳುವವನು ಮಾತ್ರ ಪಕ್ಕದ ಬೀದಿಯ ಪರದೇಶಿ.

ಮತ್ತೊಬ್ಬರು: ಹಾಗಾದರೆ ಬಡತನ ಇದ್ದಲ್ಲೆಲ್ಲ ಹೀಗೇನಾ ಸರ್?

ಉತ್ತರ: ಇಲ್ಲ. ಲಿವರ್‌ಪೂಲ್ ಕೂಡ ಬಡ ಊರೇ, ಅಲ್ಲಿ 58% ‘ಇರೋಣ’. ಇಂಗ್ಲೆಂಡಿನದೇ ಲಿಂಕನ್‌ಶೈರ್ ಕೌಂಟಿಯ ಬಾಸ್ಟನ್ನಿನಲ್ಲಿ ಹೊಲಗಳಲ್ಲಿ ಕೆಲಸಕ್ಕೆ ಬರವಿರಲಿಲ್ಲ. ಆದರೂ 75.6% ‘ಬಿಡೋಣ’, ದೇಶದಲ್ಲೇ ಅತಿ ಹೆಚ್ಚು. 2004ರ ಮೇಯಲ್ಲಿ ಪೋಲೆಂಡ್, ಲಿಥುವೇನಿಯಾ ಐರೋಪ್ಯ ಒಕ್ಕೂಟ ಸೇರಿದ ಮೇಲೆ ಅಲ್ಲಿನವರು ತರಕಾರಿ ಕೊಯ್ಯಲು, ಪ್ಯಾಕ್ ಮಾಡಲು ಬಂದರು. ಸಣ್ಣ ಪಟ್ಟಣ ಕೆಲವೇ ವರ್ಷಗಳಲ್ಲಿ ಗುರುತು ಸಿಗದಂತಾಯಿತು. ಎಷ್ಟು ಜನ ಬಂದರು ಅನ್ನುವುದಕ್ಕಿಂತ ಎಷ್ಟು ಬೇಗ ಬಂದರು ಅನ್ನುವುದೇ ಅಲ್ಲಿ ಕೆಲಸ ಮಾಡಿದ್ದು.

ಪ್ರಶ್ನೆ ಕೇಳಿದವರು: ಅಮ್ಮನಿಗೆ ಏನು ಹೇಳಲಿ?

ಉತ್ತರ: ಗಲಭೆಯ ಮಾರನೆಯ ಬೆಳಿಗ್ಗೆ ಪೊರಕೆ ಹಿಡಿದು ಬೀದಿ ಗುಡಿಸಲು ಬಂದವರೂ ಸಂಡರ್‌ಲ್ಯಾಂಡಿನವರೇ ಎಂದು ಹೇಳಿ. ಹಾಗಂತ ಸುಮ್ನೆ ಸಮಾಧಾನ ಮಾಡಲಾರೆ. 2025ರ ಮೇ 1ರಂದು ಪಕ್ಕದ ಡರ್ಹಮ್ ಕೌಂಟಿಯ ಸ್ಥಳೀಯ ಚುನಾವಣೆಯನ್ನು ವಲಸೆ ವಿರೋಧಿ ರಿಫಾರ್ಮ್ ಪಕ್ಷ ಗೆದ್ದಿತು. ಎರಡು ವಾರದೊಳಗೆ ಲೇಬರ್ ಸರ್ಕಾರ, ಖಾಯಂ ವಾಸಕ್ಕೆ ಕಾಯುವ ಅವಧಿಯನ್ನು 5 ವರ್ಷದಿಂದ 10ಕ್ಕೆ ಏರಿಸುವ ಪ್ರಸ್ತಾಪ ಮುಂದಿಟ್ಟಿತು. ತಂಗಿಯ ಬದುಕಿಗೆ ಗಲಭೆಗಿಂತ ಹೆಚ್ಚು ತಟ್ಟುವುದು ಇದು. ವೀಸಾ ನಿಯಮ ಈಗ ಎಲ್ಲಿಗೆ ಬಂದು ನಿಂತಿದೆ ಎಂದು ಹೊರಡುವ ಮೊದಲೇ ನೋಡಿಕೊಳ್ಳಲಿ.