ದಕ್ಷಿಣ ಪಿನಾಕಿನಿ ನೊರೆ: ಮನವಿ ಯಾರಿಗೆ, ಮಾದರಿ ಹೇಗೆ

1ನೇ ಅಡ್ಡರಸ್ತೆ: ಬಡಾವಣೆ ಗುಂಪಿನ ಎಲ್ಲರಿಗೂ ನಮಸ್ಕಾರ. ಮುಗಳೂರು ಕಡೆ ದಕ್ಷಿಣ ಪಿನಾಕಿನಿ ಹೊಳೆಯಲ್ಲಿ ಮತ್ತೆ ನೊರೆ ಎದ್ದಿದೆ. ಹೊಳೆ ಬದಿಯ ಎರಡು ಬೋರ್‌ವೆಲ್ ನೀರೂ ವಾಸನೆ ಹೊಡೀತಿದೆ. ಮಾಲಿನ್ಯ ನಿಯಂತ್ರಣ ಮಂಡಳಿಗೆ ಮನವಿ ಬರೆದು ಎಲ್ಲರ ಸಹಿ ಹಾಕಿಸೋಣ ಅಂತಿದ್ದೀನಿ. ಏನಂತೀರಿ?

4ನೇ ಅಡ್ಡರಸ್ತೆ: ಸಹಿ ಖಂಡಿತ ಹಾಕ್ಸಿ ಸರ್. ಆದರೆ ಒಂದೇ ಕಚೇರಿಗೆ ಕೊಟ್ರೆ ಅರ್ಜಿ ಅಲ್ಲೇ ಕೂತುಬಿಡುತ್ತೆ. ಬೆಳ್ಳಂದೂರು, ವರ್ತೂರು ಕೆರೆಗಳ ನೀರು ಈ ಹೊಳೆಗೆ ಸೇರಿ, ಮುಗಳೂರು ದಾಟಿ, ಕೊಡಿಯಾಳಂ ಹತ್ರ ತಮಿಳುನಾಡಿಗೆ ಹೋಗಿ, ಹೊಸೂರಿನ ಕೆಲವರಪಳ್ಳಿ ಅಣೆಕಟ್ಟು ತುಂಬುತ್ತೆ. ಅಲ್ಲಿ ಗೇಟು ತೆಗೆದ ಕೂಡಲೇ ಆಳೆತ್ತರ ನೊರೆ. ಕೊಳಚೆ ಸಂಸ್ಕರಣೆ ಜಲಮಂಡಳಿಯದು, ಕೆರೆ ಬಿಡಿಎಯದು, ರಾಜಕಾಲುವೆ ಪಾಲಿಕೆಯದು, ನಿಗಾ ನಮ್ಮ ಮಂಡಳಿಯದು. ಗಡಿ ದಾಟಿದ ಮೇಲೆ ತಮಿಳುನಾಡಿನ ಮಂಡಳಿ, ಅವರ ಜಲಸಂಪನ್ಮೂಲ ಇಲಾಖೆ, ಕೃಷ್ಣಗಿರಿ ಜಿಲ್ಲಾಧಿಕಾರಿ. ಒಬ್ಬೊಬ್ಬರೂ ತಮ್ಮ ಪಾಲಿನ ತುಂಡಿಗಷ್ಟೇ ಉತ್ತರ ಕೊಡ್ತಾರೆ. ಇಡೀ ಹೊಳೆಗೆ ಉತ್ತರ ಕೊಡೋರು ಯಾರೂ ಇಲ್ಲ.

1974ರ ಜಲ ಕಾಯ್ದೆಯಲ್ಲಿ ಇದಕ್ಕೆ ದಾರಿ ಇದೆ. 16ನೇ ಕಲಂ ಪ್ರಕಾರ ರಾಜ್ಯ ಮಂಡಳಿಗಳ ಕೆಲಸ ಹೊಂದಿಸೋದು, ಅವುಗಳ ನಡುವಿನ ವ್ಯಾಜ್ಯ ಬಗೆಹರಿಸೋದು ಕೇಂದ್ರ ಮಂಡಳಿಯ ಕರ್ತವ್ಯ. 18ನೇ ಕಲಂ ಪ್ರಕಾರ ಅದು ರಾಜ್ಯ ಮಂಡಳಿಗೆ ಲಿಖಿತ ನಿರ್ದೇಶನ ಕೊಡಬಹುದು, ರಾಜ್ಯ ಮಂಡಳಿ ಅದನ್ನ ಪಾಲಿಸಲೇಬೇಕು. ಅಕ್ಕಪಕ್ಕದ ರಾಜ್ಯ ಸರ್ಕಾರಗಳು ಒಪ್ಪಂದ ಮಾಡಿಕೊಂಡು ಜಂಟಿ ಮಂಡಳಿ ರಚಿಸೋಕೂ 13ನೇ ಕಲಂ ಅವಕಾಶ ಕೊಡುತ್ತೆ. ಹಾಗಾಗಿ ಮನವಿ ಕೇಂದ್ರ ಮಂಡಳಿಯ ಬೆಂಗಳೂರು ಪ್ರಾದೇಶಿಕ ಕಚೇರಿಗೆ ಹೋಗಲಿ, ಎರಡೂ ರಾಜ್ಯ ಮಂಡಳಿಗಳಿಗೆ ಪ್ರತಿ ಕಳಿಸೋಣ. ಬೇಡಿಕೆ ಒಂದೇ ಇರಲಿ: ಮುಗಳೂರಲ್ಲಿ, ಕೊಡಿಯಾಳಂನಲ್ಲಿ ಒಂದೇ ದಿನ ಮೂರೂ ಮಂಡಳಿಯವರು ನಿಂತು ನೀರಿನ ಜಂಟಿ ಮಾದರಿ ತೆಗೀಬೇಕು.

2ನೇ ಅಡ್ಡರಸ್ತೆ: ಎರಡೂ ಮಂಡಳಿ ಪ್ರತಿ ತಿಂಗಳು ಪರೀಕ್ಷೆ ಮಾಡ್ತಾವಲ್ಲ ಸರ್, ಇನ್ನೊಂದು ಸಲ ಯಾಕೆ?

7ನೇ ಅಡ್ಡರಸ್ತೆ (ಪ್ರಯೋಗಾಲಯ): ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತು ತೆಗೆದ ಮಾದರಿಗಳನ್ನ ಪಕ್ಕಪಕ್ಕ ಇಡೋಕಾಗಲ್ಲ ಮೇಡಂ. ಅದಕ್ಕಿಂತ ದೊಡ್ಡ ತೊಂದರೆ, ಲೀಟರಿಗೆ ಎಷ್ಟು ಮಿಲಿಗ್ರಾಂ ಅಂತ ಬರೀತಾರೆ, ಹರಿವು ಎಷ್ಟಿತ್ತು ಅಂತ ಬರೆಯಲ್ಲ. ಬೇಸಿಗೆಯಲ್ಲಿ ಸೆಕೆಂಡಿಗೆ 1 ಘನ ಮೀಟರ್ ಹರೀತಿದೆ, ಬಿಒಡಿ (ನೀರಲ್ಲಿರೋ ಕೊಳೆಯನ್ನ ಬ್ಯಾಕ್ಟೀರಿಯಾ ಕರಗಿಸೋಕೆ ಬೇಕಾಗೋ ಆಮ್ಲಜನಕ) ಲೀಟರಿಗೆ 30 ಮಿಲಿಗ್ರಾಂ ಅಂತಿಟ್ಕೊಳ್ಳಿ. ಸೆಕೆಂಡಿಗೆ 1 ಘನ ಮೀಟರ್ ಅಂದ್ರೆ ದಿನಕ್ಕೆ 86.4 ದಶಲಕ್ಷ ಲೀಟರ್, ಗುಣಿಸಿದ್ರೆ ದಿನಕ್ಕೆ 2,592 ಕೆಜಿ. ಮಳೆಗಾಲದಲ್ಲಿ ಹರಿವು 4 ಘನ ಮೀಟರ್ ಆಗಿ ಬಿಒಡಿ 12ಕ್ಕೆ ಇಳೀತು ಅಂದ್ರೆ ವರದಿಯಲ್ಲಿ ಸುಧಾರಣೆ ಅಂತ ಕಾಣುತ್ತೆ, ಆದ್ರೆ ಗಡಿ ದಾಟೋ ಒಟ್ಟು ಹೊರೆ ದಿನಕ್ಕೆ 4,147 ಕೆಜಿ. ಅಂಕಿ ಉದಾಹರಣೆಗೆ ಮಾತ್ರ. ಒಂದು ರಾಜ್ಯ ಕಮ್ಮಿಯಾಗಿದೆ ಅಂದು, ಇನ್ನೊಂದು ಜಾಸ್ತಿಯಾಗಿದೆ ಅಂದಾಗ, ಎರಡೂ ನಿಜ ಇರೋಕೆ ಸಾಧ್ಯ. ಹರಿವು ಅಳೆಯದೆ ಈ ಜಗಳ ಮುಗಿಯಲ್ಲ.

ಹರಿವನ್ನ ಅಂದಾಜು ಮಾಡೋಕೆ ಸೇತುವೆ ಮೇಲಿಂದಲೇ ಆಗುತ್ತೆ. ದಡದ ಉದ್ದಕ್ಕೂ 20 ಮೀಟರ್ ಗುರುತು ಹಾಕಿ, ತೇಲೋ ಕಿತ್ತಳೆ ಹಣ್ಣು ಬಿಟ್ಟು ಸೆಕೆಂಡು ಎಣಿಸಿ. ಭಾರ ಕಟ್ಟಿದ ಹಗ್ಗ ಇಳಿಸಿ ನಾಲ್ಕೈದು ಕಡೆ ಆಳ ನೋಡಿ. ಅಗಲ, ಸರಾಸರಿ ಆಳ, ವೇಗ, ಮೂರನ್ನೂ ಗುಣಿಸಿ 0.85ರಿಂದ ಇನ್ನೊಮ್ಮೆ ಗುಣಿಸಿ, ಯಾಕಂದ್ರೆ ಮೇಲ್ಮೈ ನೀರು ಕೆಳಗಿನದಕ್ಕಿಂತ ಜೋರಾಗಿ ಓಡುತ್ತೆ. ಯಾರೂ ನೀರಿಗೆ ಇಳೀಬೇಡಿ.

2ನೇ ಅಡ್ಡರಸ್ತೆ: ಹಾಗಿದ್ರೆ ನಾವೇ ನೀರು ತುಂಬಿಸಿ ಲ್ಯಾಬಿಗೆ ಕೊಡಬಹುದಾ?

7ನೇ ಅಡ್ಡರಸ್ತೆ (ಪ್ರಯೋಗಾಲಯ): ಕೊಡಬಹುದು, ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡೋ ರಾಷ್ಟ್ರೀಯ ಸಂಸ್ಥೆ) ಮಾನ್ಯತೆ ಇರೋ ಲ್ಯಾಬ್ ಆಗಿರಲಿ. ಅದು ಮನವಿಗೆ ಬಲ ಕೊಡುತ್ತೆ ಅಷ್ಟೇ. ಕಾನೂನಿನ ಪ್ರಕಾರ ನಿಲ್ಲೋದು 21ನೇ ಕಲಂ ಅಡಿ ಮಂಡಳಿಯ ಅಧಿಕಾರಿ ತೆಗೆದು, ಮೊಹರು ಹಾಕಿದ ಮಾದರಿ.

ನೊರೆಯನ್ನ ಬಾಟಲಿಗೆ ತುಂಬ್ಕೋಬೇಡಿ. ಡಿಟರ್ಜೆಂಟ್ ಅಂಶ ನೊರೆಯಲ್ಲೇ ಗಟ್ಟಿಯಾಗಿ ಸೇರಿಕೊಂಡಿರುತ್ತೆ, ಹೊಳೆಯ ನಿಜವಾದ ಅಂಕಿ ಸಿಗಲ್ಲ. ಹರಿವಿನ ಮಧ್ಯೆ, ಮೇಲ್ಮೈಯಿಂದ 30 ಸೆಂ.ಮೀ. ಕೆಳಗಿನ ನೀರು ಬೇಕು. ಡಿಟರ್ಜೆಂಟಿಗೆ ಎಂಬಿಎಎಸ್ ಪರೀಕ್ಷೆ ಕೇಳಿ. ಕರಗಿದ ಆಮ್ಲಜನಕಕ್ಕೆ 300 ಮಿ.ಲೀ. ಗಾಜಿನ ಬಾಟಲಿ, ತುಂಬಿ ಚೆಲ್ಲೋವರೆಗೆ ನೀರು. ಮುಚ್ಚಳದ ಕೆಳಗೆ ಒಂದು ಗುಳ್ಳೆ ಉಳಿದರೂ ಅದರ ಆಮ್ಲಜನಕ ನೀರಿಗೆ ಸೇರಿ, ಹೊಳೆ ಇರೋದಕ್ಕಿಂತ ಚೆನ್ನಾಗಿ ಕಾಣುತ್ತೆ. ಬ್ಯಾಕ್ಟೀರಿಯಾ ಪರೀಕ್ಷೆಯ ಬಾಟಲಿ ಲ್ಯಾಬೇ ಕೊಡುತ್ತೆ, ಅದನ್ನ ತೊಳೀಬೇಡಿ, ಕ್ಲೋರಿನ್ ಕೊಲ್ಲೋ ಥಯೋಸಲ್ಫೇಟ್ ಒಳಗಿರುತ್ತೆ. ಎಲ್ಲವನ್ನೂ ಐಸ್ ಡಬ್ಬದಲ್ಲಿಟ್ಟು ಅವತ್ತೇ ಲ್ಯಾಬಿಗೆ ಮುಟ್ಟಿಸಿ.

5ನೇ ಅಡ್ಡರಸ್ತೆ (ಡಾಕ್ಟ್ರು): ಆರೋಗ್ಯದ ಲೆಕ್ಕವೂ ಗಡಿಯಲ್ಲೇ ಕಳೆದುಹೋಗುತ್ತೆ. ನಮ್ಮ ಕಡೆಯ ಬಹಳ ಜನ ವಾಂತಿಭೇದಿ, ಜ್ವರ ಅಂದ್ರೆ ಹೊಸೂರಿನ ಆಸ್ಪತ್ರೆಗೆ ಹೋಗ್ತಾರೆ. ರೋಗ ಕಣ್ಗಾವಲಿನ ಐಎಚ್‌ಐಪಿ ಜಾಲತಾಣಕ್ಕೆ ಆ ಮಾಹಿತಿ ಹಾಕೋದು ಚಿಕಿತ್ಸೆ ಕೊಟ್ಟ ಆಸ್ಪತ್ರೆ. ಚೀಟಿ ಮಾಡಿಸುವಾಗ ಹೊಸೂರಿನ ನೆಂಟರ ವಿಳಾಸ ಕೊಟ್ರೆ ಆನೇಕಲ್ ತಾಲ್ಲೂಕಿನಲ್ಲಿ ಕಾಯಿಲೆ ಇದೆ ಅಂತಲೇ ಗೊತ್ತಾಗಲ್ಲ. ಊರು, ತಾಲ್ಲೂಕು, ಜಿಲ್ಲೆ ಸರಿಯಾಗಿ ಬರೆಸಿ, ದಯವಿಟ್ಟು. ಮನವಿಯಲ್ಲಿ ಇನ್ನೊಂದು ಸಾಲು ಸೇರಿಸಿ: ಎರಡೂ ಜಿಲ್ಲೆಯ ಕಣ್ಗಾವಲು ಅಧಿಕಾರಿಗಳು ಹೊಳೆಬದಿ ಹಳ್ಳಿಗಳ ಅಂಕಿಯನ್ನ ವಾರಕ್ಕೊಮ್ಮೆ ಪರಸ್ಪರ ಹಂಚಿಕೊಳ್ಳಬೇಕು.

1ನೇ ಅಡ್ಡರಸ್ತೆ: ಡಾಕ್ಟ್ರೇ, ಅಲ್ಲೀತನಕ ನೀರಿನ ಸಂಪ್‌ಗೆ ಬ್ಲೀಚಿಂಗ್ ಪೌಡರ್ ಹಾಕಿದ್ರೆ ಸಾಕಾ?

5ನೇ ಅಡ್ಡರಸ್ತೆ (ಡಾಕ್ಟ್ರು): ತಿಳಿ ನೀರಾದ್ರೆ 1,000 ಲೀಟರಿಗೆ 2.5 ಗ್ರಾಂ ಹೊಸ ಪೌಡರ್. ಬಕೆಟ್‌ನಲ್ಲಿ ಕಲಸಿ, ಸುಣ್ಣ ಕೆಳಗೆ ಕೂತ ಮೇಲೆ ತಿಳಿಯಷ್ಟನ್ನೇ ಸಂಪ್‌ಗೆ ಬಿಡಿ. ಒಂದು ಗಂಟೆ ಬಿಟ್ಟು ಕ್ಲೋರಿನ್ ಕಿಟ್‌ನಲ್ಲಿ ನೋಡಿದಾಗ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಕೊಳಚೆ ಸೇರಿದ ನೀರಲ್ಲಿ ಅಮೋನಿಯಾ ಇರುತ್ತೆ, ಅದು ಕ್ಲೋರಿನ್ನನ್ನ ನುಂಗಿಬಿಡುತ್ತೆ. ಲೆಕ್ಕಕ್ಕೆ ಸರಿಯಾಗಿ ಹಾಕಿದ್ರೂ ಕಿಟ್‌ನಲ್ಲಿ ಏನೂ ತೋರಿಸದಿದ್ರೆ ಆ ಬೋರ್‌ವೆಲ್ ನೀರು ಕುಡಿಯೋದು ನಿಲ್ಲಿಸಿ. ನೈಟ್ರೇಟ್ ಪರೀಕ್ಷೆಯನ್ನೂ ಮಾಡ್ಸಿ, ಮಿತಿ ಲೀಟರಿಗೆ 45 ಮಿಲಿಗ್ರಾಂ. ಅದು ಕ್ಲೋರಿನ್ನಿಗೂ ಹೋಗಲ್ಲ, ಕುದಿಸಿದ್ರೆ ಇನ್ನೂ ಗಟ್ಟಿಯಾಗುತ್ತೆ. ಹಸುಗೂಸುಗಳ ಹಾಲಿನ ಪುಡಿಗೆ ಈ ನೀರು ಬೇಡವೇ ಬೇಡ.

3ನೇ ಅಡ್ಡರಸ್ತೆ: ಯಾರೂ ಉತ್ತರ ಕೊಡದಿದ್ರೆ ಮುಂದೇನು?

4ನೇ ಅಡ್ಡರಸ್ತೆ: ಎರಡೂ ಮಂಡಳಿಗೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕು ಅರ್ಜಿ, 30 ದಿನದಲ್ಲಿ ಉತ್ತರ ಬರಬೇಕು. ಮಾದರಿ ತೆಗೆದ ದಿನಾಂಕ, ಗಂಟೆ, ಹರಿವು, ಮೂರನ್ನೂ ಕೇಳಿ. ಆಮೇಲೆ ಚೆನ್ನೈನಲ್ಲಿರೋ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ. ಕರ್ನಾಟಕ, ತಮಿಳುನಾಡು ಎರಡೂ ಅದರ ವ್ಯಾಪ್ತಿಗೆ ಬರೋದ್ರಿಂದ ಎರಡೂ ಸರ್ಕಾರಗಳನ್ನ ಒಂದೇ ಅರ್ಜಿಯಲ್ಲಿ ಪ್ರತಿವಾದಿ ಮಾಡಬಹುದು. ಅರ್ಜಿ ಹಾಕೋಕೆ ಕಾರಣ ಹುಟ್ಟಿದ 6 ತಿಂಗಳೊಳಗೆ ಹೋಗಬೇಕು, ಅದಕ್ಕೇ ಇವತ್ತಿನಿಂದ ಪ್ರತಿ ಫೋಟೋಗೂ ದಿನಾಂಕ, ಜಾಗ ಇರಲಿ.

ಇನ್ನೊಂದು ಮಾತು. ಮಂಡಳಿಯವರು ಬಂದರೆ ಮೊದಲು ನಮ್ಮ ಬಡಾವಣೆಯ ಎಸ್‌ಟಿಪಿಯನ್ನೇ (ಕೊಳಚೆ ಸಂಸ್ಕರಣಾ ಘಟಕ) ನೋಡ್ತಾರೆ. ಕೊಳಚೆಗೆ ಗಾಳಿ ಊದೋ ಬ್ಲೋವರ್ ಓಡಿದ ಲಾಗ್, ಕೆಸರು ಸಾಗಿಸಿದ ರಸೀದಿ ಸಿದ್ಧವಾಗಿರಲಿ. ಕರೆಂಟ್ ಉಳಿಸೋಕೆ ರಾತ್ರಿ ಬ್ಲೋವರ್ ನಿಲ್ಲಿಸೋ ಅಭ್ಯಾಸ ಇದ್ರೆ ಇವತ್ತಿಂದಲೇ ಬಿಡ್ಬೇಕು. ಗಾಳಿ ಇಲ್ಲದೆ ಕೊಳೆ ಕರಗಿಸೋ ಬ್ಯಾಕ್ಟೀರಿಯಾ ಸತ್ತರೆ ಬೆಳಗ್ಗೆ ಹೊರಗೆ ಹೋಗೋದು ಹಸಿ ಕೊಳಚೆಯೇ.

1ನೇ ಅಡ್ಡರಸ್ತೆ: ಸರಿ. ಮನವಿ ಕರಡು ನಾಲ್ಕನೇ ಅಡ್ಡರಸ್ತೆಯವರದು, ಎಸ್‌ಟಿಪಿ ಲಾಗ್ ನನ್ನ ಜವಾಬ್ದಾರಿ. ಬಾಗಲೂರು, ಹೊಸೂರು ಕಡೆಯ ನಿವಾಸಿ ಸಂಘಗಳ ಸಹಿಯೂ ಬೇಕು. ಅವರಿಗೆ ತಮಿಳು ಪ್ರತಿ ಯಾರು ಮಾಡ್ತೀರಿ?

6ನೇ ಅಡ್ಡರಸ್ತೆ: ತಮಿಳು ಪ್ರತಿ ನಾನು ಮಾಡ್ತೀನಿ ಸರ್. ಕರಡು ಶುಕ್ರವಾರದೊಳಗೆ ಗುಂಪಿಗೆ ಹಾಕಿ.